ಸತ್ತ ಮೇಲೂ ಊರು ಬಿಡದವರು

ನವೆಂಬರಿನ ಚಳಿ. ಫ್ರಾನ್ಸಿನ ಲ್ವಾರ್ ನದಿಯ ಮೇಲೆ ಕವಿದ ಮಂಜು ಇನ್ನೂ ಕರಗಿಲ್ಲ. ತೂರ್ ಪಟ್ಟಣದ ಕೋಟೆಯ ಹೊರಗಿರುವ ದೊಡ್ಡ ಚರ್ಚಿನ ಬಾಗಿಲಲ್ಲಿ ಬೆಳಕು ಹರಿಯುವ ಮೊದಲೇ ಜನ ನೆರೆದಿದ್ದಾರೆ. ಕಾಲು ಸ್ವಾಧೀನ ತಪ್ಪಿದ ಮಗನನ್ನು ಅಪ್ಪ ಬೆನ್ನ ಮೇಲೆ ಹೊತ್ತು ತಂದಿದ್ದಾನೆ. ಕಣ್ಣು ಕಾಣದ ಮುದುಕಿ ಮೊಮ್ಮಗಳ ಕೈ ಹಿಡಿದು ದಿನಗಟ್ಟಲೆ ನಡೆದು ಬಂದಿದ್ದಾಳೆ. ಜ್ವರ ಹತ್ತಿದವರು ಗೋಡೆಗೊರಗಿ ನಡುಗುತ್ತಿದ್ದಾರೆ.

ಒಳಗೆ ನೂರಾರು ದೀಪ. ಮೇಣದ ವಾಸನೆ, ಒದ್ದೆ ಉಣ್ಣೆಯ ವಾಸನೆ. ನಡುವೆ ಕಟಕಟೆ ಹಾಕಿದ ಒಂದು ಸಮಾಧಿ, ಅದರ ಮೇಲೆ ಹೊದಿಸಿದ ಬಟ್ಟೆ. ಒಬ್ಬ ಬಟ್ಟೆಯ ಅಂಚನ್ನು ಕಣ್ಣಿಗೊತ್ತಿಕೊಳ್ಳುತ್ತಾನೆ. ಇನ್ನೊಬ್ಬಳು ದೀಪದ ಎಣ್ಣೆಯನ್ನು ಪುಟ್ಟ ಬುರುಡೆಗೆ ತುಂಬಿಕೊಳ್ಳುತ್ತಾಳೆ. ಮತ್ತೊಬ್ಬ ಕಲ್ಲಿನ ಮೇಲೆ ಕೂತ ಧೂಳನ್ನು ಕೆರೆದು, ನೀರಿಗೆ ಬೆರೆಸಿ, ಹೊಟ್ಟೆನೋವಿಗೆಂದು ಕುಡಿಯುತ್ತಾನೆ.

ಇದು 6ನೇ ಶತಮಾನದ ಕೊನೆಯ ದಶಕಗಳ ಮಾತು. ಆ ಕಲ್ಲಿನಡಿ ಮಲಗಿರುವ ಮಾರ್ಟಿನ್ ತೀರಿಕೊಂಡು ಆಗಲೇ ಹತ್ತಿರ ಹತ್ತಿರ ಇನ್ನೂರು ವರ್ಷ. ಅಲ್ಲಿಗೆ ಬಂದವರನ್ನು ಕೇಳಿದರೆ ಮಾರ್ಟಿನ್ ಎಲ್ಲೂ ಹೋಗಿಲ್ಲ ಎನ್ನುತ್ತಾರೆ. ಅವನು ಸ್ವರ್ಗದಲ್ಲೂ ಇದ್ದಾನೆ, ಇದೇ ಊರಲ್ಲೂ ಇದ್ದಾನೆ.

ನಮ್ಮ ಊರುಗಳಲ್ಲಿ ಎಷ್ಟೋ ಶಾಲೆ, ಆಸ್ಪತ್ರೆಗಳ ಹೆಸರು ‘ಸೇಂಟ್’ ಎಂದೇ ಶುರುವಾಗುತ್ತದೆ. ಸಂತ ಎಂದರೆ ರೋಮಿನಲ್ಲಿ ಪೋಪ್ ಘೋಷಿಸುವ ಪದವಿ ಎಂಬುದು ನಮಗೆಲ್ಲ ಅಷ್ಟಿಷ್ಟು ಗೊತ್ತಿರುವ ಸಂಗತಿ. ಆದರೆ ಪೋಪರೊಬ್ಬರು ಅಧಿಕೃತವಾಗಿ ಹಾಗೆ ಘೋಷಿಸಿದ ಮೊದಲ ದಾಖಲೆ ಸಿಗುವುದು 993ರಲ್ಲಿ, ಜರ್ಮನಿಯ ಆಗ್ಸ್‌ಬರ್ಗಿನ ಬಿಷಪ್ ಉಲ್ರಿಕ್ ವಿಷಯದಲ್ಲಿ. ಅದಕ್ಕಿಂತ ಹಿಂದಿನ ಐದು ಶತಮಾನ ಫ್ರಾಂಕರ ನಾಡಿನಲ್ಲಿ ಸಂತರು ಹುಟ್ಟಿಕೊಂಡದ್ದು ಬೇರೆಯೇ ದಾರಿಯಲ್ಲಿ. ಅವರನ್ನು ಸಂತರನ್ನಾಗಿ ಮಾಡಿದ್ದು ಊರಿನ ಜನ, ಅಲ್ಲಿನ ಬಿಷಪ್, ಮಠದ ಸಹೋದರಿಯರು ಮತ್ತು ಕುಳಿತು ಅವರ ಕಥೆ ಬರೆದವರು.

ರೋಮ್ ಕೈಬಿಟ್ಟ ನಾಡು

ಇಂದಿನ ಫ್ರಾನ್ಸ್, ಬೆಲ್ಜಿಯಂ ಮತ್ತು ಪಶ್ಚಿಮ ಜರ್ಮನಿಯ ಒಂದಷ್ಟು ಭಾಗ ಸೇರಿದ ಸೀಮೆಗೆ ಆಗ ಗಾಲ್ ಎಂದು ಹೆಸರು. ನಾಲ್ಕೈದು ಶತಮಾನ ಅದು ರೋಮನ್ ಸಾಮ್ರಾಜ್ಯದ ಸುಭಿಕ್ಷ ಪ್ರಾಂತ್ಯವಾಗಿತ್ತು. 5ನೇ ಶತಮಾನದಲ್ಲಿ ಆ ಆಡಳಿತ ಕುಸಿಯಿತು. ತೆರಿಗೆ ಎತ್ತುವವರು, ನ್ಯಾಯ ಹೇಳುವವರು, ಧಾನ್ಯ ಒದಗಿಸುವವರು ಒಬ್ಬೊಬ್ಬರಾಗಿ ಮರೆಯಾದರು. ರೈನ್ ನದಿಯ ಕಡೆಯಿಂದ ಬಂದ ಫ್ರಾಂಕ್ ಎಂಬ ಜನಾಂಗದ ದಳಪತಿಗಳು ಆ ಜಾಗ ತುಂಬಿದರು. ಫ್ರಾನ್ಸ್ ಎಂಬ ಹೆಸರು ಬಂದದ್ದು ಅವರಿಂದಲೇ.

481ರಲ್ಲಿ ಪಟ್ಟಕ್ಕೆ ಬಂದ ಅವರ ರಾಜ ಕ್ಲೋವಿಸ್, ರೀಮ್ಸ್ ನಗರದ ಬಿಷಪ್ ರೆಮಿಜಿಯಸ್ ಕೈಯಿಂದ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ. ಅವನ ಹೆಂಡತಿ ಕ್ಲೊಟಿಲ್ಡ್ ಮೊದಲೇ ಕ್ರೈಸ್ತಳು. ಮುಂದೆ ರೆಮಿಜಿಯಸನೂ ಸಂತನಾದ, ಕ್ಲೊಟಿಲ್ಡಳೂ ಸಂತಳಾದಳು. ಕ್ಲೋವಿಸನ ವಂಶಕ್ಕೆ ಮೆರೊವಿಂಜಿಯನ್ ಎಂದು ಹೆಸರು. ಅದು 751ರವರೆಗೆ ಆಳಿತು. ಆಮೇಲೆ ಬಂದದ್ದು ಶಾರ್ಲಮೇನನ ಮನೆತನ.

ಹೊಸ ರಾಜರಿಗೆ ಕತ್ತಿ ಇತ್ತು, ಊರು ನಡೆಸುವ ವ್ಯವಸ್ಥೆ ಇರಲಿಲ್ಲ. ಆ ಕೆಲಸ ಬಿಷಪ್ಪರ ಹೆಗಲಿಗೆ ಬಿತ್ತು. ಬರ ಬಂದರೆ ಉಗ್ರಾಣ ತೆರೆಯುವವರು, ಸೆರೆಸಿಕ್ಕವರನ್ನು ಹಣ ಕೊಟ್ಟು ಬಿಡಿಸುವವರು, ದಳಪತಿಯ ಮುಂದೆ ನಿಂತು ಮಾತಾಡುವವರು ಅವರೇ. ಆದರೆ ಬಿಷಪ್ಪನೂ ಮನುಷ್ಯ. ಅವನನ್ನು ಓಡಿಸಬಹುದು, ಕೊಲ್ಲಬಹುದು. ಅವನ ಬೆನ್ನಿಗೆ ಕೊಲ್ಲಲಾಗದ ಒಬ್ಬ ಧಣಿ ಬೇಕಿತ್ತು. ಸಮಾಧಿಯಲ್ಲಿ ಮಲಗಿದ್ದ ಸಂತ ಆ ಧಣಿಯಾದ.

ಪ್ಯಾರಿಸ್ಸಿನಲ್ಲಿ ಆ ಸ್ಥಾನ ಒಬ್ಬ ಹೆಣ್ಣುಮಗಳಿಗೆ ಸಂದಿತು. 451ರಲ್ಲಿ ಹೂಣರ ದೊರೆ ಅಟ್ಟಿಲನ ದಂಡು ಬರುತ್ತಿದೆಯೆಂದು ಜನ ಗಂಟುಮೂಟೆ ಕಟ್ಟಿದಾಗ, ಊರು ಬಿಡಬೇಡಿ ಎಂದು ನಿಂತವಳು ಜೆನೆವೀವ್. ಸಿಟ್ಟಿಗೆದ್ದ ಜನ ಅವಳನ್ನೇ ಕೊಲ್ಲಲು ಹೊರಟಿದ್ದರಂತೆ. ಅಟ್ಟಿಲ ಬೇರೆ ದಾರಿ ಹಿಡಿದ. ಮುಂದೆ ಫ್ರಾಂಕರೇ ಊರಿಗೆ ಮುತ್ತಿಗೆ ಹಾಕಿ ಹಸಿವು ಹೆಚ್ಚಿದಾಗ, ಅವಳು ದೋಣಿಗಳನ್ನು ಕಟ್ಟಿಕೊಂಡು ಸೀನ್ ನದಿಯ ಮೇಲ್ಭಾಗಕ್ಕೆ ಹೋಗಿ ಧಾನ್ಯ ತಂದಳು. ಅವಳ ಚರಿತ್ರೆಯಲ್ಲಿ ಪವಾಡಗಳು ಬೇಕಾದಷ್ಟಿವೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಧಾನ್ಯದ ದೋಣಿಗಳು.

ಕತ್ತರಿಸಿದ ಮೇಲಂಗಿ, ಕಿಟಕಿಯಿಂದ ಸಾಗಿದ ಹೆಣ

ಮಾರ್ಟಿನ್ ಹುಟ್ಟಿದ್ದು ಇಂದಿನ ಹಂಗೆರಿಯಲ್ಲಿ. ರೋಮನ್ ಸೇನೆಯ ಸಿಪಾಯಿಯಾಗಿದ್ದಾಗ ಒಂದು ಚಳಿಗಾಲದಲ್ಲಿ, ಅಮಿಯಾಂ ಪಟ್ಟಣದ ಹೆಬ್ಬಾಗಿಲ ಬಳಿ ಮೈಮೇಲೆ ಬಟ್ಟೆಯಿಲ್ಲದ ಭಿಕ್ಷುಕನನ್ನು ಕಂಡ. ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಕತ್ತಿ ಹಿರಿದು ತನ್ನ ಮೇಲಂಗಿಯನ್ನೇ ಎರಡಾಗಿ ಸೀಳಿ ಅರ್ಧ ಕೊಟ್ಟ. ಉಳಿದರ್ಧ ಹೊದ್ದ ಅವನನ್ನು ನೋಡಿ ಕೆಲವರು ನಕ್ಕರು ಎಂದು ಚರಿತ್ರಕಾರ ಬರೆಯುತ್ತಾನೆ.

ಆ ಮೇಲಂಗಿಗೆ ಲ್ಯಾಟಿನಿನಲ್ಲಿ ‘ಕಾಪ್ಪಾ’ ಎಂದು ಹೆಸರು. ಮಾರ್ಟಿನನದು ಎನ್ನಲಾದ ಮೇಲಂಗಿಯನ್ನು ಫ್ರಾಂಕ್ ರಾಜರು ಅಮೂಲ್ಯ ಅವಶೇಷವೆಂದು ಕಾಪಾಡಿಕೊಂಡು, ಹೋದಲ್ಲೆಲ್ಲ ಒಯ್ಯುತ್ತಿದ್ದರು. ಅದನ್ನು ಇಡುವ ಜಾಗ ‘ಕಾಪೆಲ್ಲಾ’ ಆಯಿತು, ಅದನ್ನು ನೋಡಿಕೊಳ್ಳುವ ಗುರು ‘ಕಾಪೆಲ್ಲಾನಸ್’ ಆದ. ಇಂಗ್ಲಿಷಿನ ಚಾಪೆಲ್, ಚಾಪ್ಲಿನ್ ಎರಡೂ ಇಲ್ಲಿಂದ ಬಂದ ಪದಗಳು. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ಕತ್ತೆತ್ತಿ ನೋಡಿದವರೆಲ್ಲ ಆ ಮೇಲಂಗಿಯ ಹೆಸರು ಹೇಳಿದವರೇ.

ಮಾರ್ಟಿನ್ ಸೇನೆ ಬಿಟ್ಟು ಸನ್ಯಾಸಿಯಾದ. 371ರಲ್ಲಿ ತೂರ್ ಜನ ಅವನನ್ನು ಬಿಷಪ್ ಮಾಡಿದರು. ಕೊಳೆ ಬಟ್ಟೆ, ಕೆದರಿದ ಕೂದಲಿನ ಈ ಮನುಷ್ಯ ಬಿಷಪ್ ಆಗುವುದೇ ಎಂದು ಬೇರೆ ಬಿಷಪ್ಪರು ಮೂಗು ಮುರಿದರು. ಅವನು ಬದುಕಿರುವಾಗಲೇ ಸುಲ್ಪಿಸಿಯಸ್ ಸೆವೆರಸ್ ಎಂಬ ವಕೀಲ ಅವನ ಚರಿತ್ರೆ ಬರೆದ. ಮುಂದಿನ ಶತಮಾನಗಳ ಸಂತಚರಿತ್ರೆಗಳಿಗೆಲ್ಲ ಅದೇ ಮೇಲ್ಪಂಕ್ತಿ.

397ರ ನವೆಂಬರ್ 8ರಂದು ಮಾರ್ಟಿನ್ ತೂರ್ ಹತ್ತಿರದ ಕಾಂದ್ ಎಂಬ ಹಳ್ಳಿಯಲ್ಲಿ ತೀರಿಕೊಂಡ. ಸುದ್ದಿ ಕೇಳಿ ಎರಡು ಊರಿನವರು ಓಡಿಬಂದರು. ಪ್ವಾತಿಯೆಯವರು, ಅವನು ಮೊದಲು ನಮ್ಮಲ್ಲಿ ಸನ್ಯಾಸಿಯಾಗಿದ್ದವನು, ದೇಹ ನಮ್ಮದು ಎಂದರು. ತೂರ್‌ನವರು ಬಿಡಲಿಲ್ಲ. ನಿಮ್ಮಲ್ಲಿದ್ದಾಗ ಸತ್ತವರಿಬ್ಬರನ್ನು ಎಬ್ಬಿಸಿದ, ನಮ್ಮಲ್ಲಿ ಒಬ್ಬನನ್ನು ಮಾತ್ರ, ನಮ್ಮ ಬಾಕಿ ಉಳಿದಿದೆ ಎಂದು ವಾದಿಸಿದರು. ಕತ್ತಲಾಯಿತು. ಬಾಗಿಲು ಹಾಕಿ ಎರಡೂ ಕಡೆಯವರು ಹೆಣ ಕಾಯುತ್ತ ಕೂತರು. ನಡುರಾತ್ರಿ ಪ್ವಾತಿಯೆಯವರಿಗೆ ನಿದ್ದೆ ಹತ್ತಿತು. ತೂರ್‌ನವರು ದೇಹವನ್ನು ಎತ್ತಿ ಕಿಟಕಿಯಿಂದ ಹೊರಗಿನವರ ಕೈಗೆ ದಾಟಿಸಿದರು. ದೋಣಿಯಲ್ಲಿಟ್ಟು, ಸ್ತೋತ್ರ ಹಾಡುತ್ತ ಲ್ವಾರ್ ನದಿಗೆ ಬಂದರು. ಹಾಡಿನ ಸದ್ದಿಗೆ ಎಚ್ಚರವಾದ ಪ್ವಾತಿಯೆಯವರು ಬರಿಗೈಯಲ್ಲಿ ಮನೆಗೆ ಮರಳಿದರು.

ಈ ಕಥೆ ಬರೆದವನು ಗ್ರೆಗರಿ. ಕ್ಲೆರ್ಮೋಂನ ಹಳೆಯ ರೋಮನ್ ಸಿರಿವಂತ ಮನೆತನದವನು, 573ರಿಂದ 594ರಲ್ಲಿ ಸಾಯುವ ತನಕ ತೂರ್‌ನ ಬಿಷಪ್. ಫ್ರಾಂಕರ ನಾಡಿನ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಸಂಗತಿ ಅವನ ಹತ್ತು ಸಂಪುಟಗಳ ಇತಿಹಾಸದಿಂದ ಮತ್ತು ಪವಾಡಗಳ ಪುಸ್ತಕಗಳಿಂದ ಬಂದದ್ದು. ತನ್ನ ಲ್ಯಾಟಿನ್ ಹಳ್ಳಿಗಾಡಿನದು, ವ್ಯಾಕರಣ ತಪ್ಪುತ್ತದೆ ಎಂದು ಅವನು ಕ್ಷಮೆ ಕೇಳುತ್ತಾನೆ. ಆ ಒರಟು ಭಾಷೆಯಿಂದಲೇ ಅವನ ಕಾಲದ ಜನರ ಉಸಿರು ನಮಗೆ ಕೇಳುತ್ತದೆ.

ದೇಹ, ಕಥೆ, ದಿನ

ಹಾಗಾದರೆ ಒಬ್ಬ ವ್ಯಕ್ತಿ ಸಂತನಾಗುತ್ತಿದ್ದದ್ದು ಹೇಗೆ? ಅರ್ಜಿ, ವಿಚಾರಣೆ, ತೀರ್ಪು ಯಾವುದೂ ಇರಲಿಲ್ಲ. ಬೇಕಿದ್ದದ್ದು ಮೂರು. ಒಂದು ದೇಹ, ಒಂದು ಕಥೆ, ವರ್ಷದಲ್ಲಿ ಒಂದು ದಿನ.

ದೇಹ ಅಂದರೆ ಪೂರ್ತಿ ದೇಹವೇ ಆಗಬೇಕೆಂದಿಲ್ಲ. ಆ ಕಾಲಕ್ಕೆ ಸಂತರ ಮೂಳೆಗಳನ್ನು ಬಿಡಿಸಿ ಹಂಚುವುದು ಅಷ್ಟಾಗಿ ಒಪ್ಪಿಗೆಯಾಗಿರಲಿಲ್ಲ. ಸಮಾಧಿಗೆ ಸೋಕಿದ್ದೆಲ್ಲ ಪವಿತ್ರ. ಸ್ಪೇನಿನ ಗಲಿಸಿಯಾದ ರಾಜ ಕಾಯಿಲೆ ಬಿದ್ದ ಮಗನಿಗಾಗಿ ಅವನ ತೂಕದಷ್ಟು ಚಿನ್ನ, ಬೆಳ್ಳಿಯನ್ನು ಮಾರ್ಟಿನನ ಸಮಾಧಿಗೆ ಕಳಿಸಿದ ಕಥೆಯನ್ನು ಗ್ರೆಗರಿ ಹೇಳುತ್ತಾನೆ. ರಾಜದೂತರು ಒಂದು ರೇಷ್ಮೆ ಬಟ್ಟೆಯನ್ನು ತೂಗಿ ರಾತ್ರಿಯಿಡೀ ಸಮಾಧಿಯ ಮೇಲಿಟ್ಟರು. ಬೆಳಗ್ಗೆ ಮತ್ತೆ ತೂಗಿದಾಗ ತಕ್ಕಡಿ ಪೂರ್ತಿ ಕೆಳಗೆ ವಾಲಿತು. ಸಂತನ ಕೃಪೆ ಆ ನೂಲಿನೊಳಗೆ ಇಳಿದಿತ್ತು. ಆ ಬಟ್ಟೆಯೇ ಅವರ ಪಾಲಿಗೆ ಮಾರ್ಟಿನ್.

ಗ್ರೆಗರಿಯೇ ಈ ಔಷಧಿಯ ರೋಗಿ. ಬಿಷಪ್ ಆದ ಹೊಸದರಲ್ಲಿ ರಕ್ತಭೇದಿಯಿಂದ ಸಾಯುವ ಸ್ಥಿತಿಗೆ ಬಂದ. ವೈದ್ಯ ಆರ್ಮೆಂಟೇರಿಯಸ್ ಕೈಚೆಲ್ಲಿದಾಗ, ಸಮಾಧಿಯ ಧೂಳು ತರಿಸಿ ನೀರಿಗೆ ಬೆರೆಸಿ ಕುಡಿದು ಚೇತರಿಸಿಕೊಂಡೆ ಎಂದು ಬರೆದಿದ್ದಾನೆ. ಓದಿದವನು, ರಾಜರ ಜೊತೆ ವ್ಯವಹರಿಸುವವನು, ಹಳ್ಳಿಯ ರೈತನ ಹಾಗೇ ಆ ಧೂಳನ್ನು ನಂಬಿದ್ದ. ಅದನ್ನು ಪಾಮರರ ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಆ ಕಾಲ ನಮಗೆ ಅರ್ಥವಾಗುವುದೇ ಇಲ್ಲ.

ಎರಡನೆಯದು ಕಥೆ. ಸಂತನ ಹಬ್ಬದ ದಿನ ಚರ್ಚಿನಲ್ಲಿ ಗಟ್ಟಿಯಾಗಿ ಓದಲು ಚರಿತ್ರೆ ಬೇಕು. ಓದದಿದ್ದರೆ ಎರಡು ತಲೆಮಾರಿನಲ್ಲಿ ಹೆಸರು ಅಳಿಸಿಹೋಗುತ್ತದೆ. ಮೂರನೆಯದು ಆ ಹಬ್ಬದ ದಿನ. ಅದು ಹುಟ್ಟಿದ ದಿನವಲ್ಲ, ಸತ್ತ ದಿನ ಅಥವಾ ಸಮಾಧಿಯಾದ ದಿನ. ಸ್ವರ್ಗದಲ್ಲಿ ಹುಟ್ಟಿದ್ದು ಅಂದು ತಾನೆ. ಮಾರ್ಟಿನನ ಹಬ್ಬ ನವೆಂಬರ್ 11, ಅವನನ್ನು ತೂರ್‌ನಲ್ಲಿ ಮಣ್ಣು ಮಾಡಿದ ದಿನ.

ಈ ಮೂರನ್ನೂ ಒಂದೆಡೆ ತಂದು ಸಾಕಲು ಹಣ, ಹೊಲ, ಪ್ರಭಾವ ಬೇಕು. ಹಾಗಾಗಿ ಸಂತರ ಪಟ್ಟಿಯಲ್ಲಿ ಬಿಷಪ್ಪರು, ಕನ್ಯಾಸ್ತ್ರೀ ಮಠಗಳ ಮುಖ್ಯಸ್ಥೆಯರು, ರಾಣಿಯರು, ದೊಡ್ಡ ಮನೆತನದವರೇ ಹೆಚ್ಚು. ತೂರ್‌ನಲ್ಲಿ ತನಗಿಂತ ಮೊದಲಿದ್ದ ಬಿಷಪ್ಪರಲ್ಲಿ ಐವರನ್ನು ಬಿಟ್ಟರೆ ಉಳಿದವರೆಲ್ಲ ತನ್ನ ವಂಶದವರೇ ಎಂದು ಗ್ರೆಗರಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡ ದುಃಖದಲ್ಲಿ ಮನೆ ಬಿಟ್ಟು, ಮಾರ್ಟಿನನ ಸಮಾಧಿಯ ಬಳಿ ಗುಡಿಸಲಂಥ ಕೋಣೆಯಲ್ಲಿ ಬದುಕು ಕಳೆದ ಮೊನೆಗುಂಡ್ ಎಂಬ ಹೆಂಗಸಿನ ಕಥೆಯನ್ನೂ ಅವನೇ ಬರೆದಿಟ್ಟ. ಬರೆಯದಿದ್ದರೆ ಅವಳ ಸಂಕಟ ನಮ್ಮವರೆಗೆ ಬರುತ್ತಿರಲಿಲ್ಲ.

ಸಂತನಿಗೊಂದು ಪತ್ರ

ಸಂತನ ಅಧಿಕಾರ ಕಾಯಿಲೆ ವಾಸಿ ಮಾಡುವುದಕ್ಕೆ ನಿಲ್ಲಲಿಲ್ಲ. 507ರಲ್ಲಿ ಕ್ಲೋವಿಸ್ ದಕ್ಷಿಣ ಗಾಲ್ ಆಳುತ್ತಿದ್ದ ಗೋಥರ ಮೇಲೆ ದಂಡೆತ್ತಿ ಹೋಗುವಾಗ ತೂರ್ ಸೀಮೆಯಲ್ಲಿ ಹುಲ್ಲು, ನೀರು ಬಿಟ್ಟು ಏನನ್ನೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದ. ಸಿಪಾಯಿಯೊಬ್ಬ ಬಡವನ ಬಣವೆಯ ಒಣಹುಲ್ಲು ಕಿತ್ತುಕೊಂಡು, ಇದೂ ಹುಲ್ಲೇ ಅಲ್ಲವೇ ಎಂದ. ಕ್ಲೋವಿಸ್ ಅವನನ್ನು ಅಲ್ಲೇ ಕತ್ತರಿಸಿಹಾಕಿದ. ಮಾರ್ಟಿನನಿಗೆ ನೋವಾದರೆ ಗೆಲ್ಲುವುದು ಹೇಗೆ ಎಂಬುದು ಅವನ ಅಳುಕು.

ಚರ್ಚಿನ ಒಳಗೆ ಹೊಕ್ಕವನನ್ನು ಯಾರೂ ಎಳೆದು ಹಾಕುವಂತಿರಲಿಲ್ಲ. ಕೊಲೆಗಾರನಿರಲಿ, ರಾಜದ್ರೋಹಿಯಿರಲಿ, ಓಡಿಬಂದ ಗುಲಾಮನಿರಲಿ, ಸಂತನ ಆಶ್ರಯದಲ್ಲಿದ್ದಾನೆ ಎಂದೇ ಲೆಕ್ಕ. ಗುಂಟ್ರಂ ಬೋಸೊ ಎಂಬ ಸರದಾರ ಹೀಗೆ ಮಾರ್ಟಿನನ ಚರ್ಚಿನಲ್ಲಿ ಅಡಗಿದ್ದ. ಅವನು ತನ್ನ ಮಗನನ್ನು ಕೊಂದವನೆಂದು ರಾಜ ಕಿಲ್ಪೆರಿಕ್ ಹಲ್ಲು ಕಡಿಯುತ್ತಿದ್ದ. ಸೈನ್ಯವಿತ್ತು, ನುಗ್ಗಬಹುದಿತ್ತು. ಅವನು ಮಾಡಿದ್ದು ಬೇರೆ. ಇವನನ್ನು ಹೊರಗೆಳೆಯಲು ಅಪ್ಪಣೆ ಇದೆಯೇ, ತಿಳಿಸು ಎಂದು ಮಾರ್ಟಿನನಿಗೇ ಒಂದು ಪತ್ರ ಬರೆಸಿದ. ಡೀಕನ್ ಎಂಬ ಕಿರಿಯ ದರ್ಜೆಯ ಪಾದ್ರಿಯೊಬ್ಬ ಅದನ್ನು ತಂದು ಸಮಾಧಿಯ ಮೇಲಿಟ್ಟ. ಪಕ್ಕದಲ್ಲಿ ಉತ್ತರಕ್ಕೆಂದು ಒಂದು ಖಾಲಿ ಹಾಳೆ. ಮೂರು ದಿನ ಕಾದ. ಹಾಳೆ ಖಾಲಿಯಾಗಿಯೇ ಇತ್ತು. ಡೀಕನ್ ಹಾಗೇ ಹಿಂದಿರುಗಿದ.

ಸ್ವಂತ ಬಂಧುಗಳನ್ನೇ ಕೊಲ್ಲಲು ಹಿಂಜರಿಯದ ಮನೆತನದ ರಾಜ ಸತ್ತವನ ಅನುಮತಿಗಾಗಿ ಮೂರು ದಿನ ಕಾದದ್ದು ಸಣ್ಣ ಮಾತಲ್ಲ. ಕೋಟೆ, ಕಾನೂನು, ಕೋರ್ಟು ಯಾವುದೂ ಕಟ್ಟಿಹಾಕಲಾಗದ ಬಲವನ್ನು ಒಂದು ಕಲ್ಲಿನ ಪೆಟ್ಟಿಗೆ ತಡೆದು ನಿಲ್ಲಿಸಿತ್ತು.

ತೆರಿಗೆಯ ವಿಷಯದಲ್ಲೂ ಹಾಗೆಯೇ. 589ರಲ್ಲಿ ರಾಜನ ಅಧಿಕಾರಿಗಳು ತೆರಿಗೆ ಪಟ್ಟಿ ಹಿಡಿದು ತೂರ್‌ಗೆ ಬಂದಾಗ ಗ್ರೆಗರಿ ಅಡ್ಡ ನಿಂತ. ಹಿಂದಿನ ರಾಜರು ಮಾರ್ಟಿನನಿಗೆ ಹೆದರಿ ಈ ಊರಿಗೆ ತೆರಿಗೆ ಬಿಟ್ಟಿದ್ದಾರೆ, ಒಬ್ಬ ರಾಜ ಪಟ್ಟಿಯನ್ನೇ ಸುಟ್ಟಿದ್ದಾನೆ ಎಂದು ಒಂದೊಂದಾಗಿ ನೆನಪಿಸಿದ. ಕೆಲವೇ ದಿನಗಳಲ್ಲಿ ಆಸ್ಥಾನದಿಂದ ಪತ್ರ ಬಂತು. ಸಂತನ ಮೇಲಿನ ಗೌರವಕ್ಕೆ ತೂರ್ ಜನರ ಮೇಲೆ ತೆರಿಗೆ ಹಾಕಬೇಡಿ ಎಂದು ಅದರಲ್ಲಿತ್ತು.

ಚೀಲದಲ್ಲಿ ಇಲಿಯ ಮೂಳೆ

ಇಷ್ಟು ಬೆಲೆಬಾಳುವ ವಸ್ತುವಿಗೆ ನಕಲಿ ಹುಟ್ಟದೆ ಇರುತ್ತದೆಯೇ? ಒಬ್ಬ ಮನುಷ್ಯ ಸ್ಪೇನಿನಿಂದ ಸಂತರ ಅವಶೇಷ ತಂದಿದ್ದೇನೆ ಎಂದು ತೂರ್‌ಗೆ ಬಂದ, ಗ್ರೆಗರಿಯ ಮೇಲೆ ಜೋರು ಮಾಡಿ ಪ್ಯಾರಿಸ್ಸಿಗೆ ಹೋದ. ಅಲ್ಲಿ ಅವನ ಚೀಲ ಬಿಚ್ಚಿ ನೋಡಿದರೆ ಗಿಡದ ಬೇರುಗಳು, ಹೆಗ್ಗಣದಂಥ ಬಿಲಪ್ರಾಣಿಯ ಹಲ್ಲು, ಇಲಿಯ ಮೂಳೆ, ಕರಡಿಯ ಉಗುರು, ಕರಡಿಯ ಕೊಬ್ಬು. ಬಿಷಪ್ ಎಲ್ಲವನ್ನೂ ನದಿಗೆ ಎಸೆಸಿದ. ಕೊನೆಗೆ ತಿಳಿಯಿತು, ಅವನು ದಕ್ಷಿಣದ ಒಬ್ಬ ಬಿಷಪ್ಪನ ಮನೆಯಿಂದ ಓಡಿಬಂದ ಗುಲಾಮ.

ಮಾರ್ಟಿನನೂ ಹೀಗೊಂದನ್ನು ಬಯಲಿಗೆಳೆದಿದ್ದ. ತೂರ್ ಹತ್ತಿರ ಜನ ರಕ್ತಸಾಕ್ಷಿಯೆಂದು, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವನೆಂದು, ಪೂಜಿಸುತ್ತಿದ್ದ ಸಮಾಧಿಯ ಬಗ್ಗೆ ಹಿರಿಯ ಪಾದ್ರಿಗಳನ್ನು ವಿಚಾರಿಸಿದ. ಅಲ್ಲಿದ್ದವನ ಹೆಸರು, ಅವನು ಸತ್ತ ಕಾಲ ಯಾರಿಗೂ ಗೊತ್ತಿರಲಿಲ್ಲ. ಅದು ಮರಣದಂಡನೆಗೆ ಗುರಿಯಾದ ಕಳ್ಳನೊಬ್ಬನ ಸಮಾಧಿ ಎಂದು ಹೊರಬಂತು. ಅಲ್ಲಿನ ಬಲಿಪೀಠವನ್ನು ಅವನು ತೆಗೆಸಿಬಿಟ್ಟ. ಜನ ನಂಬಿದರು, ಆದರೆ ಎಲ್ಲವನ್ನೂ ಕಣ್ಣು ಮುಚ್ಚಿ ನಂಬಲಿಲ್ಲ. ಹೆಸರೇನು, ಯಾವ ಕಾಲ, ನೋಡಿದವರಾರು ಎಂದು ಕೇಳುವವರು ಅಂದೂ ಇದ್ದರು.

ಸೆರೆಯಿಂದ ಬಂದ ಇಬ್ಬರು ರಾಣಿಯರು

ಈ ಎಲ್ಲ ಸಂತರ ನಡುವೆ ನನ್ನನ್ನು ಮತ್ತೆ ಮತ್ತೆ ಎಳೆಯುವವರು ಇಬ್ಬರು ಹೆಂಗಸರು. ಇಬ್ಬರೂ ಫ್ರಾಂಕರ ರಾಣಿಯರಾಗಿದ್ದವರು. ಇಬ್ಬರೂ ಆ ನಾಡಿಗೆ ಬಂದದ್ದು ಸೆರೆಯಾಳುಗಳಾಗಿ.

ರಾದೆಗುಂಡ್ ಇಂದಿನ ಮಧ್ಯ ಜರ್ಮನಿಯ ತುರಿಂಗಿಯಾದ ರಾಜಕುಮಾರಿ. 531ರ ಸುಮಾರಿಗೆ ಫ್ರಾಂಕರು ಅವಳ ನಾಡನ್ನು ಸುಟ್ಟರು. ಹತ್ತು ಹನ್ನೊಂದು ವರ್ಷದ ಹುಡುಗಿ ಲೂಟಿಯ ಪಾಲಾಗಿ ರಾಜ ಕ್ಲೋಥಾರನ ಕೈಗೆ ಬಂದಳು. ಅವನು ಅವಳನ್ನು ಹಳ್ಳಿಯ ಬಂಗಲೆಯೊಂದರಲ್ಲಿ ಓದಿಸಿ ಬೆಳೆಸಿ, ಆಮೇಲೆ ಮದುವೆಯಾದ. ರಾಣಿಯಾಗಿಯೂ ಅವಳು ಉಪವಾಸ, ಪ್ರಾರ್ಥನೆ, ರೋಗಿಗಳ ಶುಶ್ರೂಷೆ ಬಿಡಲಿಲ್ಲ. 550ರ ಆಸುಪಾಸಿನಲ್ಲಿ ಅವಳ ಜೊತೆಗೇ ಸೆರೆಯಾಗಿ ಬಂದಿದ್ದ ತಮ್ಮನನ್ನು ಕ್ಲೋಥಾರ್ ಕೊಲ್ಲಿಸಿದ.

ಅವಳು ಅರಮನೆ ಬಿಟ್ಟು ನೇರ ಬಿಷಪ್ ಮೆದಾರ್ದಸ್ ಬಳಿ ಹೋಗಿ ಸನ್ಯಾಸ ಕೊಡಿ ಎಂದಳು. ಚರ್ಚಿನಲ್ಲಿದ್ದ ಸರದಾರರು, ರಾಜನ ಹೆಂಡತಿಗೆ ದೀಕ್ಷೆ ಕೊಡುವೆಯಾ ಎಂದು ಬಿಷಪ್ಪನನ್ನು ಹಿಡಿದೆಳೆದರು. ಅವನು ಹಿಂದೆಮುಂದೆ ನೋಡಿದ. ರಾದೆಗುಂಡ್ ಒಳಗೆ ಹೋಗಿ ತಾನೇ ಸನ್ಯಾಸಿನಿಯ ಉಡುಪು ತೊಟ್ಟು ಬಲಿಪೀಠದ ಮುಂದೆ ಬಂದು ನಿಂತಳು. ದೇವರಿಗಿಂತ ಮನುಷ್ಯನಿಗೆ ಹೆದರಿದರೆ ನಿನ್ನ ಲೆಕ್ಕ ನೀನೇ ಕೊಡಬೇಕಾದೀತು ಎಂದು ಎಚ್ಚರಿಸಿದಳು. ಮೆದಾರ್ದಸ್ ದೀಕ್ಷೆ ಕೊಟ್ಟ.

ಪ್ವಾತಿಯೆಯಲ್ಲಿ ಅವಳು ಕಟ್ಟಿದ ಕನ್ಯಾಸ್ತ್ರೀ ಮಠಕ್ಕೆ ಸುಮಾರು ಇನ್ನೂರು ಹೆಣ್ಣುಮಕ್ಕಳು ಸೇರಿದರು. ಅವಳು ಮುಖ್ಯಸ್ಥೆಯಾಗಲಿಲ್ಲ. ತಾನು ಬೆಳೆಸಿದ ಆಗ್ನೆಸ್ ಎಂಬವಳನ್ನು ಆ ಜಾಗದಲ್ಲಿ ಕೂರಿಸಿ, ತಾನು ಅಡುಗೆಮನೆಯ ಪಾಳಿ ಮಾಡಿದಳು, ಕಸ ಗುಡಿಸಿದಳು. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಎರಡನೇ ಜಸ್ಟಿನ್‌ಗೆ ದೂತರನ್ನು ಕಳಿಸಿ, ಯೇಸುವಿನ ಶಿಲುಬೆಯದೆಂದು ನಂಬಲಾದ ಮರದ ಚೂರನ್ನು ತರಿಸಿದಳು. ಊರಿನ ಬಿಷಪ್ ಅದನ್ನು ಪ್ರತಿಷ್ಠಾಪಿಸಲು ಒಪ್ಪದೆ ಕುದುರೆ ಹತ್ತಿ ಹೊರಟುಹೋದ. ತೂರ್‌ನ ಬಿಷಪ್ ಬಂದು ನೆರವೇರಿಸಿದ. ಅದರ ಸ್ವಾಗತಕ್ಕೆಂದು ಅವಳ ಸ್ನೇಹಿತ, ಕವಿ ಫೋರ್ಟುನಾಟಸ್ ರಚಿಸಿದ ಲ್ಯಾಟಿನ್ ಸ್ತೋತ್ರವನ್ನು ಕ್ಯಾಥೊಲಿಕ್ ಚರ್ಚುಗಳಲ್ಲಿ ಈಸ್ಟರ್ ಮೊದಲಿನ ವಾರ ಇಂದಿಗೂ ಹಾಡುತ್ತಾರೆ.

587ರ ಆಗಸ್ಟ್ 13ರಂದು ಅವಳು ತೀರಿಕೊಂಡಳು. ಊರಿನ ಬಿಷಪ್ ಆಗಲೂ ಬರಲಿಲ್ಲ. ಗ್ರೆಗರಿ ತೂರ್‌ನಿಂದ ಬಂದು ಅಂತ್ಯಕ್ರಿಯೆ ಮಾಡಿದ. ಅವನು ಕಣ್ಣಾರೆ ಕಂಡು ಬರೆದ ಆ ದಿನದ ವಿವರ ನನ್ನ ಮಟ್ಟಿಗೆ ಅವನ ಪವಾಡದ ಕಥೆಗಳೆಲ್ಲವನ್ನೂ ಮೀರಿಸಿದ್ದು. ಮಠ ಸೇರಿದವರು ಸಾಯುವ ತನಕ ಹೊಸ್ತಿಲು ದಾಟುವಂತಿಲ್ಲ ಎಂಬುದು ಅಲ್ಲಿನ ನಿಯಮ. ತಾಯಿಯ ಹಿಂದೆ ಸ್ಮಶಾನಕ್ಕೂ ಹೋಗುವಂತಿಲ್ಲ. ಶವ ಗೋಡೆಯ ಕೆಳಗೆ ಹಾದುಹೋಗುವಾಗ ಕಿಟಕಿಗಳಿಂದ, ಕೋಟೆಯ ತೆನೆಗಳ ಮೇಲಿಂದ ಆ ಹೆಣ್ಣುಮಕ್ಕಳು ಗೋಳಾಡಿದರು. ಆ ಅಳುವಿನಲ್ಲಿ ಸ್ತೋತ್ರದ ದನಿಯೇ ಕೇಳಿಸಲಿಲ್ಲ. ಆಮೇಲೆ ಗ್ರೆಗರಿಯನ್ನು ಅವಳ ಕೋಣೆಗೆ ಕರೆದೊಯ್ದು, ಇಲ್ಲಿ ಮಂಡಿಯೂರುತ್ತಿದ್ದಳು, ಇದು ಓದುತ್ತಿದ್ದ ಪುಸ್ತಕ, ಇದು ನೂಲುತ್ತಿದ್ದ ಕದಿರು ಎಂದು ಒಂದೊಂದನ್ನೇ ತೋರಿಸಿದರು. ಸತ್ತವರ ಮನೆಯಲ್ಲಿ ನಾವೂ ಹೀಗೇ ತೋರಿಸುತ್ತೇವೆ.

ಎರಡೇ ವರ್ಷದಲ್ಲಿ ಅದೇ ಮಠದಲ್ಲಿ ದಂಗೆ ಎದ್ದಿತು. ರಾಜವಂಶದ ಇಬ್ಬರು ಹೆಣ್ಣುಮಕ್ಕಳು ಹೊಸ ಮುಖ್ಯಸ್ಥೆಯನ್ನು ಒಪ್ಪದೆ ನಲವತ್ತು ಮಂದಿಯನ್ನು ಕಟ್ಟಿಕೊಂಡು ಹೊರಬಿದ್ದರು, ಬಾಡಿಗೆ ಗೂಂಡಾಗಳಿಂದ ಮಠವನ್ನೇ ಲೂಟಿ ಮಾಡಿಸಿದರು. ಹೀಗಿದ್ದೂ ರಾದೆಗುಂಡಳ ನೆನಪು ಅಳಿಯಲಿಲ್ಲ. ಅವಳ ಕೈಯಲ್ಲೇ ಬೆಳೆದ ಬೌದೊನಿವಿಯಾ ಎಂಬ ಕನ್ಯಾಸ್ತ್ರೀ 7ನೇ ಶತಮಾನದ ಆರಂಭದಲ್ಲಿ ಅವಳ ಚರಿತ್ರೆ ಬರೆದಳು. ಫೋರ್ಟುನಾಟಸ್ ಮೊದಲೇ ಒಂದು ಬರೆದಿದ್ದ, ಅದರಲ್ಲಿ ರಾದೆಗುಂಡ್ ತನ್ನನ್ನು ದಂಡಿಸಿಕೊಳ್ಳುವ ತಪಸ್ವಿನಿ. ಬೌದೊನಿವಿಯಾ ಕಂಡದ್ದು ಕಚ್ಚಾಡುವ ರಾಜರಿಗೆ ಒಬ್ಬೊಬ್ಬರಿಗೂ ಪತ್ರ ಬರೆದು ಯುದ್ಧ ನಿಲ್ಲಿಸಿ ಎಂದು ಬೇಡುವ ತಾಯಿಯನ್ನು.

ಎರಡನೆಯವಳು ಬಾಲ್ತಿಲ್ಡ್. ಇಂಗ್ಲೆಂಡಿನಿಂದ ಅಗ್ಗದ ಬೆಲೆಗೆ ಮಾರಾಟವಾಗಿ ಬಂದ ಗುಲಾಮಳು ಎಂದು ಅವಳ ಚರಿತ್ರೆಯೇ ಹೇಳುತ್ತದೆ. ಅರಮನೆಯ ಮುಖ್ಯಾಧಿಕಾರಿಯ ಮನೆಯಲ್ಲಿ ಪಾನೀಯ ಬಡಿಸುವ ಕೆಲಸ. 648ರ ಸುಮಾರಿಗೆ ರಾಜ ಎರಡನೇ ಕ್ಲೋವಿಸ್ ಅವಳನ್ನು ಮದುವೆಯಾದ. 657ರಲ್ಲಿ ಅವನು ಸತ್ತಾಗ ಮಗ ಇನ್ನೂ ಚಿಕ್ಕವನು, ರಾಜ್ಯಭಾರ ಅವಳ ಕೈಗೆ ಬಂತು. ಕ್ರೈಸ್ತ ಸೆರೆಯಾಳುಗಳನ್ನು ಹೊರನಾಡಿಗೆ ಮಾರುವುದನ್ನು ಅವಳು ನಿಷೇಧಿಸಿದಳು. ಹಣ ಕೊಟ್ಟು ಅನೇಕರನ್ನು, ಅದರಲ್ಲೂ ತನ್ನ ನಾಡಿನವರನ್ನು ಬಿಡಿಸಿದಳು. ತೆರಿಗೆಯ ಹೊರೆಗೆ ಹೆದರಿ ಜನ ತಮ್ಮ ಮಕ್ಕಳು ಸತ್ತರೇ ಒಳ್ಳೆಯದೆಂದುಕೊಳ್ಳುತ್ತಿದ್ದರು, ಆ ಪದ್ಧತಿಯನ್ನು ಅವಳು ನಿಲ್ಲಿಸಿದಳು ಎಂಬ ಒಂದು ಸಾಲು ಆ ಚರಿತ್ರೆಯಲ್ಲಿದೆ. ಆ ಕಾಲದ ಬಡವರ ಬದುಕಿನ ಬಗ್ಗೆ ಇದಕ್ಕಿಂತ ಭಾರವಾದ ಸಾಕ್ಷ್ಯವನ್ನು ನಾನು ಓದಿಲ್ಲ.

ಇಂಗ್ಲೆಂಡಿನಲ್ಲಿ ಬರೆದ ಬಿಷಪ್ ವಿಲ್ಫ್ರಿಡ್ ಚರಿತ್ರೆ ಮಾತ್ರ ಇದೇ ಬಾಲ್ತಿಲ್ಡಳನ್ನು ಬಿಷಪ್ಪರನ್ನು ಕೊಲ್ಲಿಸಿದ ಕ್ರೂರಿ ಎಂದು ಬೈಯುತ್ತದೆ. ಅಧಿಕಾರದ ಕುರ್ಚಿಯಲ್ಲಿ ಕೂತವಳ ಕೈ ಪೂರ್ತಿ ಶುದ್ಧವಾಗಿತ್ತೆಂದು ನಾನು ಹೇಳಲಾರೆ. ಆದರೆ ತಾನು ಮಾರಾಟವಾದ ದಾರಿಯನ್ನೇ ಮುಚ್ಚಲು ಹೊರಟ ರಾಣಿ ಅವಳು. ಅದನ್ನು ಯಾವ ಬೈಗುಳವೂ ಅಳಿಸಲಾರದು.

ಅವಳ ಜೊತೆಗೆ ನೆನೆಯಬೇಕಾದವನು ಎಲಿಜಿಯಸ್, ಅಕ್ಕಸಾಲಿಗ. ಒಂದು ಸಿಂಹಾಸನಕ್ಕೆಂದು ರಾಜ ಕೊಟ್ಟ ಚಿನ್ನದಲ್ಲಿ ಒಂದು ಗುಲಗಂಜಿಯೂ ಕದಿಯದೆ ಎರಡು ಸಿಂಹಾಸನ ಮಾಡಿಕೊಟ್ಟು ಹೆಸರಾದವನು. ಅವನ ಹೆಸರಿರುವ ಚಿನ್ನದ ನಾಣ್ಯಗಳು ಈಗಲೂ ಸಿಗುತ್ತವೆ. ಗುಲಾಮರನ್ನು ಮಾರುವ ಕಡೆ ಹೋಗಿ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಹಡಗಿನಿಂದಿಳಿದ ನೂರು ಮಂದಿಯನ್ನು ಒಟ್ಟಿಗೆ ಬಿಡಿಸುತ್ತಿದ್ದ. ಹಣ ಸಾಲದಿದ್ದರೆ ಮೈಮೇಲಿನ ಬಟ್ಟೆ, ಸೊಂಟದ ಪಟ್ಟಿ ಮಾರುತ್ತಿದ್ದ. 641ರಲ್ಲಿ ಬಿಷಪ್ಪನಾದ. ಯುರೋಪಿನ ಅಕ್ಕಸಾಲಿಗರು, ಕಮ್ಮಾರರು ಇಂದಿಗೂ ಅವನನ್ನು ತಮ್ಮ ಸಂತನೆನ್ನುತ್ತಾರೆ.

ಬಾಲ್ತಿಲ್ಡ್ ಕೊನೆಗಾಲವನ್ನು ಪ್ಯಾರಿಸ್ ಬಳಿಯ ಶೆಲ್‌ನಲ್ಲಿ, ತಾನೇ ಬೆಳೆಸಿದ ಮಠದಲ್ಲಿ ಕಳೆದು 680ರ ಸುಮಾರಿಗೆ ತೀರಿಕೊಂಡಳು. ಅವಳದೆಂದು ಕಾಪಾಡಿದ ಒಂದು ನಾರುಬಟ್ಟೆಯ ಅಂಗಿ ಶೆಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕೊರಳ ಸುತ್ತ ಬಣ್ಣದ ರೇಷ್ಮೆಯಲ್ಲಿ ಕಸೂತಿ ಹಾಕಿದ ಸರಗಳು, ನಡುವೆ ತೂಗುವ ಶಿಲುಬೆ. ಚಿನ್ನ ಒಂದು ಗುಂಜಿಯೂ ಇಲ್ಲ, ಎಲ್ಲ ಬರಿಯ ದಾರ. ಒಡವೆ ಬಿಚ್ಚಿಕೊಟ್ಟ ರಾಣಿಗೆ ಯಾರೋ ಸೂಜಿ ಹಿಡಿದು ಅವನ್ನು ಮತ್ತೆ ತೊಡಿಸಿದ್ದಾರೆ.

ರಾತ್ರಿ ಅಗೆದ ಸಮಾಧಿ

8ನೇ ಶತಮಾನದ ಹೊತ್ತಿಗೆ ಗಾಳಿ ಬದಲಾಯಿತು. ರಾಜಕೀಯದ ಜಗಳದಲ್ಲಿ ಸತ್ತವರೂ ಸಂತರಾಗುತ್ತಿದ್ದರು. ಎದುರಾಳಿಯ ಕೈಗೆ ಸಿಕ್ಕಿ ಕಣ್ಣು, ನಾಲಿಗೆ ಕಳೆದುಕೊಂಡು ಕೊಲೆಯಾದ ಬಿಷಪ್ ಲ್ಯೂಡೆಗಾರನ ದೇಹಕ್ಕಾಗಿ ಮೂವರು ಬಿಷಪ್ಪರು ಪೈಪೋಟಿ ನಡೆಸಿ, ಕೊನೆಗೆ ಚೀಟಿ ಎತ್ತಿದ್ದುಂಟು. ಫ್ರಾಂಕರ ರಾಜ ಶಾರ್ಲಮೇನ್ ಇದಕ್ಕೆಲ್ಲ ಕಡಿವಾಣ ಹಾಕಲು ಹೊರಟ. 794ರ ಫ್ರಾಂಕ್‌ಫರ್ಟ್ ಸಭೆ ಹೊಸ ಸಂತರನ್ನು ಪೂಜಿಸಬಾರದು ಎಂದಿತು. 813ರ ಮೈಂಟ್ಸ್ ಸಭೆ ರಾಜ ಅಥವಾ ಬಿಷಪ್ಪರ ಒಪ್ಪಿಗೆಯಿಲ್ಲದೆ ಸಂತರ ದೇಹಗಳನ್ನು ಅಲುಗಿಸಬಾರದು ಎಂದಿತು.

ಆದರೆ ಪ್ರತಿ ಬಲಿಪೀಠದಲ್ಲೂ ಸಂತರ ಅವಶೇಷ ಇರಲೇಬೇಕೆಂಬ ನಿಯಮವೂ ಬಿಗಿಯಾಯಿತು. ರೈನ್‌ನ ಆಚೆ ಹೊಸ ಚರ್ಚುಗಳು ಏಳುತ್ತಿದ್ದವು, ಅಲ್ಲಿ ಹಳೆಯ ರಕ್ತಸಾಕ್ಷಿಗಳೇ ಇರಲಿಲ್ಲ. ಹೊಸ ಸಂತರನ್ನು ಮಾಡುವಂತಿಲ್ಲ, ಹಳೆಯವರು ಬೇಕೇ ಬೇಕು. ಹಳೆಯವರು ಇದ್ದದ್ದು ರೋಮಿನ ನೆಲದಡಿಯ ಸಮಾಧಿಗಳಲ್ಲಿ.

827ರಲ್ಲಿ ನಡೆದದ್ದನ್ನು ಶಾರ್ಲಮೇನನ ಚರಿತ್ರೆ ಬರೆದ ಐನ್‌ಹಾರ್ಡ್ ತಾನೇ ದಾಖಲಿಸಿದ್ದಾನೆ. ರೋಮಿನ ದೆಯುಸ್ದೋನಾ ಎಂಬ ಡೀಕನ್ ಐನ್‌ಹಾರ್ಡನಿಗೆ ಅವಶೇಷ ಒದಗಿಸುವೆನೆಂದು ಒಪ್ಪಿಕೊಂಡ. ಐನ್‌ಹಾರ್ಡನ ಕಾರ್ಯದರ್ಶಿ ರಾಟ್ಲೈಕ್ ಅವನ ಜೊತೆ ಹೋದ. ಮೂರು ದಿನ ಉಪವಾಸ ಮಾಡಿ, ರಾತ್ರಿ ಕತ್ತಲಲ್ಲಿ ಸಮಾಧಿ ತೆರೆದು ಮಾರ್ಸೆಲ್ಲಿನಸ್ ಎಂಬ ರಕ್ತಸಾಕ್ಷಿಯ ಮೂಳೆಗಳನ್ನು, ಆಮೇಲೆ ಪೀಟರ್ ಎಂಬ ಇನ್ನೊಬ್ಬನವನ್ನು ಎತ್ತಿಕೊಂಡರು. ದಾರಿಯಲ್ಲಿ ಬೇರೊಂದು ಮಠದವರು ಒಂದಷ್ಟು ಭಾಗ ಕದ್ದರು. ಅದನ್ನು ಮರಳಿ ಪಡೆಯಲು ಐನ್‌ಹಾರ್ಡ್ ಒದ್ದಾಡಬೇಕಾಯಿತು. ಇದನ್ನು ಅವನು ಕಳವೆಂದು ಭಾವಿಸಲಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಸಂತರು ಬರುತ್ತಿದ್ದರೇ ಎಂಬುದು ಅವನ ನಂಬಿಕೆ. ಮೂಳೆಗಳು ಕೊನೆಗೆ ಮೈನ್ ನದಿಯ ದಂಡೆಯ ಊರೊಂದರಲ್ಲಿ ನೆಲೆಸಿದವು. ಆ ಊರಿನ ಹೆಸರು ಈಗ ಸೆಲಿಗೆನ್‌ಸ್ಟಾಟ್, ಪುಣ್ಯವಂತರ ಊರು.

ಉಳಿದದ್ದು

ತೂರ್‌ನ ಚರ್ಚನ್ನು 1562ರಲ್ಲಿ ಪ್ರೊಟೆಸ್ಟಂಟರು ಲೂಟಿ ಮಾಡಿದರು. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಕೆಡವಿ ಆ ಜಾಗದಲ್ಲಿ ಬೀದಿ ಮಾಡಿದರು. ಎರಡು ಗೋಪುರಗಳಷ್ಟೇ ಉಳಿದವು. 1860ರಲ್ಲಿ ಮನೆಗಳ ನೆಲಮಾಳಿಗೆ ಅಗೆದಾಗ ಸಮಾಧಿಯ ಜಾಗ ಮತ್ತೆ ಸಿಕ್ಕಿತು, ಅದರ ಮೇಲೆ ಈಗ ಹೊಸ ಚರ್ಚಿದೆ. ಪ್ಯಾರಿಸ್ಸಿನಲ್ಲಿ 1793ರಲ್ಲಿ ಜೆನೆವೀವಳ ಮೂಳೆಗಳನ್ನು ಸಾರ್ವಜನಿಕವಾಗಿ ಸುಟ್ಟರು. ಹೀಗಿದ್ದೂ ಫ್ರಾನ್ಸಿನಲ್ಲಿ ಇಂದು ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಮಾರ್ಟಿನ್.

ಶೆಲ್‌ನಲ್ಲಿ 1980ರ ದಶಕದಲ್ಲಿ ಹಳೆಯ ಪೆಟ್ಟಿಗೆಗಳನ್ನು ತೆರೆದಾಗ ನೂರಕ್ಕೂ ಹೆಚ್ಚು ಚರ್ಮದ ಚೀಟಿಗಳು ಸಿಕ್ಕವು. ಕೆಲವು ಬೆರಳಿನಷ್ಟೇ ಅಗಲ. ಒಂದೊಂದರ ಮೇಲೂ ಒಬ್ಬ ಸಂತನ ಹೆಸರು, 7, 8ನೇ ಶತಮಾನದ ಕೈಬರಹ. ಯಾವ ಚೂರು ಯಾರದೆಂದು ಮರೆಯಬಾರದೆಂದು ಅಂದು ಬರೆದು ಕಟ್ಟಿಟ್ಟದ್ದು.

ರಾದೆಗುಂಡಳ ಸಮಾಧಿ ಪ್ವಾತಿಯೆಯ ಚರ್ಚಿನ ನೆಲಮಾಳಿಗೆಯಲ್ಲಿ ಈಗಲೂ ಇದೆ, ಜನ ಈಗಲೂ ಹೋಗುತ್ತಾರೆ. ಅವಳು ಕಟ್ಟಿದ ಹೋಲಿ ಕ್ರಾಸ್ ಮಠದ ಪರಂಪರೆಯ ಕನ್ಯಾಸ್ತ್ರೀಯರು 1960ರ ದಶಕದಲ್ಲಿ ಊರ ನಡುವಿನಿಂದ ಹತ್ತಿರದ ಸಾಂ ಬೆನ್ವಾಗೆ ಸ್ಥಳಾಂತರಗೊಂಡರು. ಹೋಗುವಾಗ ಒಂದು ಪುಟ್ಟ ಮರದ ಪುಸ್ತಕಪೀಠವನ್ನೂ ಜೊತೆಗೆ ಒಯ್ದರು. ಮೇಲೆ ಕುರಿಮರಿ, ಶಿಲುಬೆಗಳ ಕೆತ್ತನೆಯಿರುವ ಆ ಪೀಠ 6ನೇ ಶತಮಾನದ್ದು. ರಾದೆಗುಂಡ್ ಓದುತ್ತಿದ್ದ ಪುಸ್ತಕವನ್ನು ಅದರ ಮೇಲೆ ಇಟ್ಟುಕೊಳ್ಳುತ್ತಿದ್ದಳೆಂದು ಅವರು ಹೇಳುತ್ತಾರೆ.